ಮೂಗಿನಲ್ಲೇ ಅಳೆಯುತ್ತಿದ್ದ ಬಾಲರಾಜು

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೇರಿಯ ಪಕ್ಕ ಬಸ್ಸು ಹಾಯುವಾಗ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಬೆಂದ ಹುಳುವಿನ ನಾತ ಅದು, ಹೊಟ್ಟೆಯಲ್ಲಿರುವುದನ್ನು ಬಾಯಿಗೆ ತರುವಂಥದು. ಬಾಲರಾಜು ಮಾತ್ರ ಎರಡು ತಿಂಗಳಿಂದ ಆ ಜಾಗ ಬಂತೆಂದರೆ ಕಿಟಕಿಯ ಗಾಜು ಪೂರ್ತಿ ಸರಿಸಿ, ಕತ್ತು ಹೊರಗೆ ಚಾಚಿ, ಎದೆ ತುಂಬ ಉಸಿರೆಳೆಯುತ್ತಿದ್ದ. ಇವನಿಗೇನು ಗ್ರಹಚಾರ ಎಂದು ಪಕ್ಕದ ಸೀಟಿನವರು ನೋಡುತ್ತಿದ್ದರು. ಅವನಿಗೆ ಏನೂ ಬರುತ್ತಿರಲಿಲ್ಲ. ಗಾಳಿ ಬರುತ್ತಿತ್ತು, ತಣ್ಣಗೆ, ಸಪ್ಪಗೆ. ಅಷ್ಟೇ.

ಬಸ್ಸಿಳಿದು ಶೆಡ್ಡಿಗೆ ನಡೆಯುವ ಹತ್ತು ನಿಮಿಷದಲ್ಲಿ ಅವನು ಮೂಸದ ವಸ್ತುವಿಲ್ಲ. ಹೂವಿನ ಗಾಡಿಯ ಹತ್ತಿರ ನಿಲ್ಲುವನು, ಒಣಮೀನಿನ ಬುಟ್ಟಿಯ ಮುಂದೆ ಬಗ್ಗುವನು. ಚರಂಡಿಯನ್ನೂ ಬಿಡಲಿಲ್ಲ. ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿ, ಕೊನೆಗೆ ಮೂಗಿನ ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿಕೊಂಡು ಒಳಗೆ ಕಾಲಿಡುವನು.

ಇಷ್ಟೊಂದು ಪೇಚಾಟ ಯಾಕೆಂದರೆ ಅವನ ಅನ್ನ, ಅವನ ಹೆಸರು ಎರಡೂ ನಿಂತದ್ದು ಆ ಮೂಗಿನ ಮೇಲೆ. ಅದು ಟೀ ಶರ್ಟಿನ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕುವ ಶೆಡ್ಡು. ಅಲ್ಲಿ ಇಂಕು ಕಲಸುವವನೇ ಯಜಮಾನ. ಹನ್ನೆರಡು ವರ್ಷದಿಂದ ಬಾಲರಾಜು ಕಲಸಿದ ಬಕೆಟ್ಟಿಗೆ ಎದುರು ಮಾತಿರಲಿಲ್ಲ.

ಊರು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ, ಕೆಂಪಯ್ಯನವರ ಮೂರನೆಯ ಮಗ. ಏಳನೆಯ ಕ್ಲಾಸಿಗೇ ಸ್ಕೂಲಿಗೆ ಶರಣು ಹೊಡೆದು, ಮಾಗಡಿಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಅಂಗಡಿಗೆ ಕಸ ಗುಡಿಸಲು ಸೇರಿದ. ಕಸ ಗುಡಿಸುತ್ತ ಗುಡಿಸುತ್ತ ಮರದ ಚೌಕಟ್ಟಿಗೆ ತೆಳುಬಟ್ಟೆ ಹೇಗೆ ಬಿಗಿಯುತ್ತಾರೆ, ಅದರ ಕಣ್ಣುಗಳಿಂದ ಬಣ್ಣ ಹೇಗೆ ಇಳಿಸುತ್ತಾರೆ ಎಲ್ಲ ಕಣ್ಣಲ್ಲೇ ಕದ್ದ. ಯಾರೂ ಕೈಹಿಡಿದು ಕಲಿಸಲಿಲ್ಲ. ಹಾಗೆ ಕಲಿತವನ ಕೆಲಸದಲ್ಲಿ ಒಂದು ಠೀವಿ ಇರುತ್ತದೆ, ಒಂದು ಮೊಂಡುತನವೂ ಇರುತ್ತದೆ. ಇದನ್ನು ನಾನು ಬಲ್ಲೆ.

ಮುಂದೆ ಮದುವೆ ಕಾಗದಗಳು ಫೋನಿನೊಳಗೆ ಹೊಕ್ಕವು. ಅಂಗಡಿ ಮುಚ್ಚಿತು. ಆಗ ರಾಮನಗರದ ಚನ್ನಲಿಂಗಪ್ಪನವರು ಟೀ ಶರ್ಟಿನ ಶೆಡ್ಡು ತೆಗೆದಿದ್ದರು. ಬಾಲರಾಜು ಹೋಗಿ ನಿಂತ. ಪ್ಲಾಸ್ಟಿಸಾಲ್ ಎಂಬ ಇಂಕು ಅವನ ಕೈಗೆ ಸಿಕ್ಕಿದ್ದು ಅಲ್ಲಿ. ಒಳ್ಳೆಯ ಸೊಸೆಯಂಥ ಇಂಕು ಅದು, ಹೇಳಿದ ಮಾತು ಕೇಳುತ್ತದೆ. ಡಬ್ಬದ ಮುಚ್ಚಳ ತೆಗೆದಿಟ್ಟು ಮನೆಗೆ ಹೋದರೂ ಒಣಗುವುದಿಲ್ಲ, ಬೆಂಕಿ ಕಂಡಾಗಲೇ ಗಟ್ಟಿಯಾಗುವುದು. ಆದರೆ ಹಾಲಿನ ಮೇಲೆ ಕೆನೆ ಕೂತಂತೆ ಬಟ್ಟೆಯ ಮೇಲೇ ಕೂರುತ್ತದೆ. ಅಗಲವಾಗಿ ಹಾಕಿದರೆ ಎದೆಗೆ ರಬ್ಬರಿನ ತೇಪೆ ಹಚ್ಚಿದ ಹಾಗೆ.

ಗಿರಾಕಿಗಳು ಮೆತ್ತಗಿರಬೇಕು ಎಂದರು. ನೀರಿನ ಇಂಕು ಬಂತು. ಅದು ಸಾರಿನಲ್ಲಿ ಉಪ್ಪು ಕರಗಿದ ಹಾಗೆ ನೂಲಿನೊಳಗೆ ಇಳಿಯುತ್ತದೆ. ತೊಟ್ಟವನಿಗೆ ಅಚ್ಚಿದೆ ಎಂಬುದೇ ತಿಳಿಯದು. ಆದರೆ ಬೀಡಿ ಹಚ್ಚುವಷ್ಟು ಹೊತ್ತು ಕೈ ನಿಲ್ಲಿಸಿದರೆ ಚೌಕಟ್ಟಿನಲ್ಲೇ ಒಣಗಿ ತೆಳುಬಟ್ಟೆಯ ಕಣ್ಣು ಕಟ್ಟುತ್ತದೆ. ಜೊತೆಗೆ ಕಪ್ಪು ಬಟ್ಟೆಯ ಮೇಲೆ ಅದರ ಆಟ ನಡೆಯದು, ಕಾಗೆಗೆ ಅರಿಶಿನ ಹಚ್ಚಿದಂತೆ. ಅದಕ್ಕೇ ಮೂರನೆಯದು ಬಂತು, ಡಿಸ್ಚಾರ್ಜ್. ಅದು ಬಣ್ಣ ಹಾಕುವುದಿಲ್ಲ, ಇರುವ ಬಣ್ಣವನ್ನು ತಿನ್ನುತ್ತದೆ. ಗಟ್ಟಿ ಮಜ್ಜಿಗೆಯಂಥ ಪೇಸ್ಟಿಗೆ ಬಿಳಿ ಪುಡಿ ಕಲಸಬೇಕು. ಕಲಸಿದ ಮೇಲೆ ಅದರ ಆಯುಸ್ಸು ಐದಾರು ಗಂಟೆ. ಅಷ್ಟರೊಳಗೆ ಕಪ್ಪು ಬಟ್ಟೆಗೆ ಹಚ್ಚಿ ಬಿಸಿ ಒಲೆಗೆ ಕಳಿಸಿದರೆ ಕಪ್ಪನ್ನು ತಿಂದು ಹತ್ತಿಯ ಹುಟ್ಟುಬಣ್ಣ ಹೊರಗೆ ತರುತ್ತದೆ. ಒಲೆಗೆ ಹೋಗುವ ತನಕ ಬರೀ ಒದ್ದೆ ಗುರುತು, ಬಿತ್ತಿದ ಹೊಲದ ಹಾಗೆ.

ಒಂದೇ ಶರ್ಟಿಗೆ ಮೂರನ್ನೂ ಹಾಕುವುದು ದೊಡ್ಡ ವಿದ್ಯೆ. ಮೊದಲು ಡಿಸ್ಚಾರ್ಜ್ ನೆಲ ಹಸನು ಮಾಡಬೇಕು. ಅದರ ಮೇಲೆ ನೀರಿನ ಇಂಕು. ಒಮ್ಮೆ ಒಲೆ ದಾಟಿಸಿ, ಆವಿಯೆಲ್ಲ ಹೋದ ಮೇಲೆ, ಬೇಕಾದ ಕಡೆ ಮಾತ್ರ ಪ್ಲಾಸ್ಟಿಸಾಲ್. ಅವಸರಪಟ್ಟು ಹಸಿ ಡಿಸ್ಚಾರ್ಜಿನ ಮೇಲೆ ಪ್ಲಾಸ್ಟಿಸಾಲ್ ಮುಚ್ಚಿದರೆ ಕೆಳಗಿನ ಆವಿಗೆ ದಾರಿಯಿಲ್ಲದೆ ಮೇಲೆಲ್ಲ ಹಪ್ಪಳದಂತೆ ಗುಳ್ಳೆ ಏಳುತ್ತದೆ. ಬಾಲರಾಜು ಇದನ್ನು ಪುಸ್ತಕದಲ್ಲಿ ಓದಲಿಲ್ಲ. ಒಂದು ಮೂಟೆ ಶರ್ಟು ಕೆಡಿಸಿ ಕಲಿತ. ಆ ಗುಳ್ಳೆ ಶರ್ಟುಗಳನ್ನು ತಿಪ್ಪಸಂದ್ರದ ನೆಂಟರಿಷ್ಟರೆಲ್ಲ ಎರಡು ವರ್ಷ ತೊಟ್ಟು ಹರಿದರು.

ಪುಡಿಯ ಅಳತೆ? ಮೂಗು. ಸೌಟಿನಲ್ಲಿ ಪುಡಿ ಸುರಿದು ತಿರುವಿ, ಕೋಲನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, “ಸಾಕು” ಅನ್ನುವನು. ಮಧ್ಯಾಹ್ನ ಮತ್ತೆ ಬಂದು ಮೂಸಿ, “ಸತ್ತೋಯ್ತು, ಚೆಲ್ರಿ” ಅನ್ನುವನು. ಗಡಿಯಾರ ನೋಡಿದವನಲ್ಲ.

ಎರಡು ತಿಂಗಳ ಹಿಂದೆ ಒಂದು ವಾರ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮೊದಲು ಪತ್ತೆ ಹಚ್ಚಿದವಳು ಹೆಂಡತಿ ಕಾವೇರಮ್ಮ. ಒಲೆಯ ಮೇಲೆ ಹುರುಳಿಕಾಳು ಇಟ್ಟು ಹಿತ್ತಲಿಗೆ ಹೋಗಿದ್ದಳು. ಬಂದು ನೋಡಿದರೆ ಅಡುಗೆಮನೆಯೆಲ್ಲ ಹೊಗೆ. ಗೋಡೆಯ ಆಚೆ ಇವನು ಕಾಲು ಚಾಚಿ ಕೂತಿದ್ದ.

“ಅಲ್ಲ ಕಣಯ್ಯ, ಬೀದಿ ಕೊನೇಲಿರೋರು ಓಡ್ಬಂದು ಕೇಳ್ತಾವ್ರೆ ಏನ್ ಸೀದೋಯ್ತು ಅಂತ. ನೀನು ಇಲ್ಲೇ ಕುಂತು ಏನ್ ಮಾಡ್ತಿದ್ದೆ?”

“ಬಂತು ವಾಸನೆ. ನೀನೇ ನೋಡ್ಕತೀಯ ಅಂತ ಸುಮ್ಕಿದ್ದೆ.”

ಕಾವೇರಮ್ಮ ಒಳಗೆ ಹೋಗಿ, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದು ಅವನ ಮೂಗಿಗೆ ಹಿಡಿದಳು. “ಏನಿದು ಹೇಳು.”

“ಬೆಳ್ಳುಳ್ಳಿ.”

“ಸೀಮೆಎಣ್ಣೆ ಬಟ್ಟೆ ಇದು.” ಅವಳ ದನಿ ಇಳಿಯಿತು. “ಶ್ರುತಮ್ಮನಿಗೆ ಹೇಳ್ಬುಡು. ಚಿಕ್ಕ ವಯಸ್ನೋಳಾದ್ರೂ ಅರ್ಥ ಮಾಡ್ಕತಾಳೆ.”

“ಹೇಳಿ? ನಾಳೆಯಿಂದ ಬಾಲಣ್ಣ ಶರ್ಟು ಮಡಚ್ಲಿ ಅಂತಾರೆ. ಇಂಕಿನ ಮೂಲೆ ಇನ್ಯಾರ್ಗೋ ಹೋಯ್ತದೆ. ಬಾಯ್ ಮುಚ್ಕಂಡಿರು.”

ಶ್ರುತಿ ಚನ್ನಲಿಂಗಪ್ಪನವರ ಮಗಳು. ಅಪ್ಪ ತೀರಿಕೊಂಡ ಮೇಲೆ ಶೆಡ್ಡು ನಡೆಸುವವಳು ಅವಳೇ. ಅವಳಿಂದ ಮುಚ್ಚಿಡಲು ಬಾಲರಾಜು ಒಂದು ಉಪಾಯ ಮಾಡಿದ. ಒಲೆಯ ಮುಂದೆ ನಿಲ್ಲುವವನು ಚನ್ನಪಟ್ಟಣದ ಗಫಾರ್, ಅವನದೇ ವಯಸ್ಸು, ಹಳೆಯ ಗೆಳೆಯ. ಬಾಲರಾಜು ಪುಡಿ ಹಾಕಿ ತಿರುವುತ್ತ, ಬಕೆಟ್ಟನ್ನು ಏನೋ ನೆಪದಲ್ಲಿ ಗಫಾರನ ಹತ್ತಿರ ಒಯ್ಯುವನು. ಗಫಾರ್ ಮುಖ ಕಿವುಚಿ, “ಥೂ, ದೂರ ಇಡ್ಲಾ, ಕೋಳಿಮೊಟ್ಟೆ ಕೊಳೆತಂಗೈತೆ” ಅಂದರೆ ಹದ ಬಂತೆಂದು ಲೆಕ್ಕ. ಮಧ್ಯಾಹ್ನ ಅದೇ ಬಕೆಟ್ಟಿಗೆ ಗಫಾರ್ ಬೈಯದಿದ್ದರೆ ಇಂಕು ಸತ್ತಿತೆಂದು ಲೆಕ್ಕ. ಹೀಗೆ ಎರಡು ತಿಂಗಳು ಎರವಲು ಮೂಗಿನಲ್ಲಿ ಸಂಸಾರ ಸಾಗಿತು. ಸಾಗಿತು ಅಂದರೆ ನೆಮ್ಮದಿಯಿಂದಲ್ಲ. ಗಫಾರ್ ಒಮ್ಮೆ ಸೀನಿದರೂ ಇವನ ಎದೆ ಡವಡವ. ಅವನಿಗೆ ನೆಗಡಿಯಾದೀತೆಂದು ಇವನು ಮನೆಯಿಂದ ಮೆಣಸಿನ ಕಷಾಯ ತಂದು ಕುಡಿಸುತ್ತಿದ್ದ.

“ಏನ್ಲಾ, ನನ್ ಹೆಂಡ್ತಿಗೂ ಇಲ್ಲ ಇಷ್ಟು ಕಾಳಜಿ?” ಅಂತ ಗಫಾರ್ ನಗುತ್ತಿದ್ದ.

ಒಂದು ಗುರುವಾರ ಗಫಾರ್ ಸೋದರಳಿಯನ ಮದುವೆಗೆ ರಜೆ ಹಾಕಿದ. ಅವತ್ತೇ ಬೈರಾಪಟ್ಟಣದ ಹಗ್ಗಜಗ್ಗಾಟದ ತಂಡದವರ ಶರ್ಟುಗಳ ಕೆಲಸ. ಪಂದ್ಯ ಭಾನುವಾರ, ತಂಡಕ್ಕೂ ಬೆಂಬಲಿಗರಿಗೂ ಸೇರಿ ಇನ್ನೂರ ನಲವತ್ತು. ಕಪ್ಪು ಶರ್ಟಿನ ಎದೆಯ ಮೇಲೆ ಹಗ್ಗ ಬಿಗಿಹಿಡಿದ ಎರಡು ಕೈ. ಕೈಗಳಿಗೆ ಡಿಸ್ಚಾರ್ಜ್, ಹಗ್ಗದ ಕೆಳಗೂ ಡಿಸ್ಚಾರ್ಜಿನ ನೆಲ. ಆ ನೆಲದ ಮೇಲೆ ನೀರಿನ ಇಂಕಿನ ಹಳದಿ ಹಗ್ಗ. ಕೊನೆಗೆ ಮಣಿಕಟ್ಟಿನ ಮೇಲೆ ಐದು ಬೆವರ ಹನಿ, ಅವು ಉಬ್ಬಿ ಹೊಳೆಯುವ ಪ್ಲಾಸ್ಟಿಸಾಲ್.

ಬೆಳಿಗ್ಗೆ ಎಂಟಕ್ಕೆ ಅಂದಾಜಿನಲ್ಲಿ ಪುಡಿ ಸುರಿದು, ಸಾಲದೇನೋ ಎಂದು ಇನ್ನೊಂದು ಸೌಟು ಸುರಿದ. ಮೊದಲ ನೂರ ಇಪ್ಪತ್ತು ಶರ್ಟು ಒಲೆಯಿಂದ ನಗುತ್ತ ಬಂದವು. ಆಮೇಲೆ ಹಗ್ಗದ ಚೌಕಟ್ಟಿನ ತೆಳುಬಟ್ಟೆ ಒಂದು ಕಡೆ ಹರಿಯಿತು. ಹೊಸದು ಮಾಡಿ ಒಣಗಿಸುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟಿತ್ತು.

ಎಲ್ಲರೂ ಅವನ ಮುಖ ನೋಡುತ್ತ ನಿಂತರು. ಬಕೆಟ್ಟು ಚೆಲ್ಲಬೇಕೋ ಬೇಡವೋ. ಬಾಲರಾಜು ಕೋಲೆತ್ತಿ ಮೂಗಿಗೆ ತಂದ, ಕಣ್ಣು ಮುಚ್ಚಿದ. ಒಳಗೆ ಕತ್ತಲೆ. ಚೆಲ್ಲಿ ಹೊಸದು ಕಲಸಿದ್ದರೆ ಮುಗಿಯುತ್ತಿತ್ತು. ಆದರೆ ಹೊಸದಕ್ಕೆ ಎಷ್ಟು ಪುಡಿ ಎಂಬ ಭಯ ಅವನನ್ನು ತಿನ್ನುತ್ತಿತ್ತು. ಬೆಳಿಗ್ಗೆ ದೇವರ ದಯೆಯಿಂದ ಹದ ಬಂದಿತ್ತು, ಮತ್ತೆ ಬರಬೇಕಲ್ಲ.

“ಐತೆ, ಜೀವ ಐತೆ. ಎಳೀರಿ” ಅಂದ.

ಎಳೆದರು. ಡಿಸ್ಚಾರ್ಜ್, ಅದರ ಮೇಲೆ ಹಳದಿ, ಒಲೆಗೆ. ಅವತ್ತು ಒಲೆ ಕಾಯುತ್ತಿದ್ದವನು ಹೊಸಬ. ಬಂದದ್ದನ್ನು ಬಂದ ಹಾಗೆ ಬುಟ್ಟಿಗೆ ಹಾಕುತ್ತ ಹೋದ. ಶ್ರುತಿ ಬಂದು ಒಂದು ಶರ್ಟು ಬಿಡಿಸಿ ಹಿಡಿದಾಗ ಉಳಿದ ನೂರ ಇಪ್ಪತ್ತೂ ಮುಗಿದಿದ್ದವು. ಬಿಳಿಚಿಕೊಳ್ಳಬೇಕಾದ ಕೈಗಳು ಕೆಸರಿನಲ್ಲಿ ಅದ್ದಿದಂತಿದ್ದವು. ಹಳದಿ ಹಗ್ಗ ಬಾವಿಯಲ್ಲಿ ಮುಳುಗಿದ ಹಾವಿನ ಹಾಗೆ, ಉಂಟೋ ಇಲ್ಲವೋ.

“ಬಾಲಣ್ಣ, ಏನಿದು? ಬೆಳಿಗ್ಗೆವು ಚೆನ್ನಾಗಿ ಬಂದಿದ್ವಲ್ಲ?”

ಬಾಲರಾಜುವಿನ ನಾಲಗೆ ಅವನನ್ನು ಕೇಳದೆಯೇ ಮಾತಾಡಿತು. “ಇವು ಎರಡ್ನೇ ಕಟ್ಟಿನ ಶರ್ಟು ಶ್ರುತಮ್ಮ. ಕೆಲವು ಕಪ್ಪು ಬಿಟ್ಕೊಡಲ್ಲ. ಬಟ್ಟೆದೇ ತಪ್ಪು.”

ಸುಳ್ಳು ಅಂದರೆ ಹಾಗಿರಬೇಕು, ಅರ್ಧ ನಿಜದ ಮೇಲೆ ಕೂತ ಸುಳ್ಳು. ಕೆಲವು ಕಪ್ಪು ನಿಜಕ್ಕೂ ಡಿಸ್ಚಾರ್ಜಿಗೆ ಬಗ್ಗುವುದಿಲ್ಲ. ಶ್ರುತಿ ಒಂದು ಕ್ಷಣವೂ ಅನುಮಾನಿಸದೆ ಫೋನ್ ತೆಗೆದು, ಹನ್ನೊಂದು ವರ್ಷದಿಂದ ಶರ್ಟು ಕೊಡುತ್ತಿದ್ದ ರಸೂಲನನ್ನು ಚೆನ್ನಾಗಿ ಝಾಡಿಸಿದಳು. ಇನ್ನು ಮೇಲೆ ನಿಮ್ಮ ಬಟ್ಟೆ ನಮಗೆ ಬೇಡ ಅನ್ನುವ ತನಕ ಮಾತು ಹೋಯಿತು. ಬಾಲರಾಜು ಪಕ್ಕದಲ್ಲೇ ನಿಂತು ಕೈಯಲ್ಲಿದ್ದ ಬಣ್ಣ ಎಳೆಯುವ ಹಲಗೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದ.

ಅರ್ಧ ಗಂಟೆಯಲ್ಲಿ ರಸೂಲ್ ಸ್ಕೂಟರಿನಲ್ಲಿ ಬಂದ. ಹೆಲ್ಮೆಟ್ ಕೂಡ ತೆಗೆಯಲಿಲ್ಲ.

“ಮೇಡಂ, ಎರಡೂ ಕಟ್ಟು ಒಂದೇ ಸಲ ಬಣ್ಣಕ್ಕೆ ಬಿದ್ದಿದ್ದು. ನಾನು ಬೇರೆಯವ್ರಿಗೆ ಎಂಥದೋ ಕೊಟ್ಟಿರ್ಬೋದು, ನಿಮ್ಮಪ್ಪನ ಶೆಡ್ಡಿಗೆ ಕಳಪೆ ಕೊಟ್ಟಿಲ್ಲ. ಈ ಕೆಟ್ಟ ಶರ್ಟುಗಳಲ್ಲೇ ಒಂದರ ತೋಳು ಕತ್ತರಿಸಿ. ಹೊಸ ಇಂಕು ಹಚ್ಚಿ ಇಸ್ತ್ರಿ ಪೆಟ್ಟಿಗೆ ಇಡಿ. ಬಿಳಿ ಬರದಿದ್ರೆ ಇಡೀ ಮಾಲು ವಾಪಸ್ ಹೊತ್ಕೊಂಡು ಹೋಗ್ತೀನಿ, ಮತ್ತೆ ಈ ಕಡೆ ಮುಖ ಹಾಕಲ್ಲ.”

“ಯಾರು ಕಲಸೋದು? ಬಾಲಣ್ಣನೇ ಕಲಸ್ಲಿ, ಆಗಬಹುದಾ?” ಎಂದಳು ಶ್ರುತಿ.

ರಸೂಲನಿಗೆ ಜೀವ ಬಂದಂತಾಯಿತು. “ಅವರೇ ಕಲಸ್ಬೇಕು. ಬಾಲಣ್ಣನ ಮೂಗು ಇವತ್ತಿನ ತನಕ ಯಾರಿಗೂ ಮೋಸ ಮಾಡಿಲ್ಲ.”

ಬಾಲರಾಜು ಇಂಕಿನ ಮೂಲೆಗೆ ಹೋದ. ಮೂಲೆಗೆ ಒಂದು ಅಡ್ಡಗೋಡೆ, ಹೊರಗಿನವರಿಗೆ ಒಳಗಿನದು ಕಾಣದು. ಲೋಟದಲ್ಲಿ ಪೇಸ್ಟು ತೆಗೆದುಕೊಂಡ. ಪುಡಿಯ ಡಬ್ಬ ತೆರೆದ. ಪುಡಿಯೂ ಬಿಳಿ, ಪೇಸ್ಟೂ ಬಿಳಿ. ಕಲಸಿದ ಮೇಲೆ ಪುಡಿ ಬಿದ್ದಿದೆಯೋ ಇಲ್ಲವೋ ಯಾವ ಕಣ್ಣಿಗೂ ತಿಳಿಯದು. ಹಾಕದೆ ಬಿಟ್ಟರೆ ಬಟ್ಟೆ ಕಪ್ಪಾಗಿಯೇ ಉಳಿಯುತ್ತದೆ. ರಸೂಲ್ ಮಾಲು ಹೊತ್ತು ಹೋಗುತ್ತಾನೆ. ತನ್ನ ಮೂಗು ತನ್ನ ಜಾಗದಲ್ಲೇ ಇರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಸೌಟು ಡಬ್ಬದೊಳಗೆ ಇಳಿಯಿತು, ಖಾಲಿ ಮೇಲೆ ಬಂತು. ಮತ್ತೆ ಇಳಿಯಿತು. ಹೊರಗೆ ರಸೂಲ್ ಅತ್ತಿಂದಿತ್ತ ನಡೆಯುವ ಚಪ್ಪಲಿಯ ಸದ್ದು. ಬಾಲರಾಜುವಿಗೆ ಆಗ ಹೊಳೆದದ್ದು ದೊಡ್ಡ ಧರ್ಮವೇನಲ್ಲ. ಹೊಳೆದದ್ದು ಇಷ್ಟೇ: ನಾಳೆಯೂ ಈ ಮೂಲೆಗೆ ಬರಬೇಕು, ನಾಳಿದ್ದೂ ಬರಬೇಕು, ದಿನಾ ಒಬ್ಬ ರಸೂಲನನ್ನು ಎಲ್ಲಿಂದ ತರುವುದು? ಪುಡಿ ಹಾಕಲು ಮನಸ್ಸು ಮಾಡಿದ. ಎಷ್ಟು ಹಾಕುವುದು? ಗೊತ್ತಿಲ್ಲ. ಹನ್ನೆರಡು ವರ್ಷ ಮಾಡಿದ ಕೆಲಸ, ಗೊತ್ತಿಲ್ಲ. ಕಡಿಮೆಯಾಗಿ ಬಿಳಿ ಬರದಿದ್ದರೆ ತಪ್ಪಿಲ್ಲದವನು ಸುಮ್ಮನೆ ಸಾಯುತ್ತಾನೆ.

ಅಡ್ಡಗೋಡೆಯ ಮೇಲಿಂದ ತಲೆ ಎತ್ತಿದ. “ಶ್ರುತಮ್ಮ, ತಕ್ಕಡಿ ಕೊಡಿ.”

“ಯಾವ ತಕ್ಕಡಿ?”

“ಅಪ್ಪಾವ್ರು ತಂದಿದ್ರಲ್ಲ, ನಂಬರ್ ಬರೋದು. ಪುಡಿ ಜೊತೆ ಬಂದಿದ್ ಚೀಟಿನೂ ಕೊಡಿ. ನೂರಕ್ಕೆಷ್ಟು ಅಂತ ಒಸಿ ಓದಿ.”

ಆ ತಕ್ಕಡಿಯನ್ನು ಬಾಲರಾಜು ಯಾವಾಗಲೋ “ಇದು ಸೆಟ್ಟಿ ಅಂಗಡಿಗಿರ್ಲಿ” ಎಂದು ಬೀರುವಿನ ಮೇಲೆ ಎಸೆದಿದ್ದ. ಶ್ರುತಿ ದೂಳು ಊದಿ, ಹೊಸ ಸೆಲ್ಲು ಹಾಕಿ ತಂದಳು. ಚೀಟಿ ಓದಿದಳು, “ನೂರು ಗ್ರಾಮಿಗೆ ಆರು.”

ತೂಗಿದ. ಆರು ಗ್ರಾಮು ಪುಡಿ ಅವನ ಕಣ್ಣಿಗೆ ಎಲೆಯ ತುದಿಯ ಉಪ್ಪಿನಷ್ಟೇ ಕಂಡಿತು. ಕಲಸಿ, ಕತ್ತರಿಸಿದ ತೋಳಿಗೆ ಬಳಿದು, ಮೇಲೆ ಕಾಗದ ಹಾಸಿ ತಾನೇ ಇಸ್ತ್ರಿ ಪೆಟ್ಟಿಗೆ ಒತ್ತಿದ. ಚುಯ್ ಎಂದು ಆವಿ ಎದ್ದಿತು. ಎಲ್ಲರೂ ಮೂಗಿಗೆ ಕೈ ಹಿಡಿದರು, ಅವನೊಬ್ಬ ಹಿಡಿಯಲಿಲ್ಲ. ಕಾಗದ ತೆಗೆದಾಗ ಕಪ್ಪು ತೋಳಿನ ನಡುವೆ ಹತ್ತಿಯ ಬಿಳಿ ಅಗಲವಾಗಿ ತೆರೆದುಕೊಂಡಿತ್ತು.

“ಬಟ್ಟೆದಲ್ಲ ತಪ್ಪು” ಅಂದ ಬಾಲರಾಜು. “ನಂದು. ಇಂಕು ಸತ್ತಿತ್ತು. ನಂಗೆ ಎರಡು ತಿಂಗ್ಳಿಂದ ವಾಸನೆ ಬರಲ್ಲ.”

ರಸೂಲ್ ಹೆಲ್ಮೆಟ್ ತೆಗೆದ. “ಮೇಡಂ ಫೋನಲ್ಲಿ ನನ್ನ ಬೈಯೋವಾಗ ನೀವು ಪಕ್ಕದಲ್ಲೇ ಇದ್ರಾ ಬಾಲಣ್ಣ?”

“ಇದ್ದೆ.”

ರಸೂಲ್ ಹೆಲ್ಮೆಟ್ ಮತ್ತೆ ಹಾಕಿಕೊಂಡ. ಶ್ರುತಿ ಚಹಾ ಕುಡಿದು ಹೋಗಿ ಎಂದರೂ ನಿಲ್ಲದೆ ಹೊರಟ. ಸ್ಕೂಟರಿನ ಸದ್ದು ಅಡಗಿದ ಮೇಲೆ ಶ್ರುತಿ ಕೆಟ್ಟ ಶರ್ಟಿನ ಬುಟ್ಟಿಯನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. ಅವಳು ಬೈದಿದ್ದರೆ ಬಾಲರಾಜುವಿಗೆ ಹಗುರವಾಗುತ್ತಿತ್ತು.

“ಇನ್ನೂ ನೂರ ಇಪ್ಪತ್ತು ಕಪ್ಪು ಶರ್ಟು ಬೇಕು. ಶನಿವಾರ ಬೆಳಿಗ್ಗೆಗೆ ಕೊಡ್ತೀನಿ ಅಂದಿದ್ದೀನಿ. ರಸೂಲ್‌ಗೆ ನಾನು ಫೋನ್ ಮಾಡಲ್ಲ ಬಾಲಣ್ಣ. ನೀನೇ ಮಾಡು.”

“ನನ್ನ ಮೂಲೆ...” ಎಂದು ಅವನು ಶುರು ಮಾಡಿದ.

“ಮೊದ್ಲು ಫೋನ್ ಮಾಡು.”

ಮೂರು ಸಲ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ನಾಲ್ಕನೆಯ ಸಲ ರಸೂಲ್ ಎತ್ತಿದ. ಕೇಳಿದ್ದನ್ನು ಕೇಳಿಸಿಕೊಂಡು, “ಕಳಿಸ್ತೀನಿ. ನಿಮಗಲ್ಲ, ಮೇಡಂಗೆ” ಎಂದು ಫೋನ್ ಇಟ್ಟ.

ಮಾರನೆಯ ದಿನ ಎಲ್ಲರಿಗಿಂತ ಮೊದಲು ಬಾಲರಾಜು ಶೆಡ್ಡಿನಲ್ಲಿದ್ದ. ಮೂಲೆ ಇನ್ನೂ ತನ್ನದೋ ಅಲ್ಲವೋ ತಿಳಿಯದು, ಯಾರೂ ಹೇಳಿರಲಿಲ್ಲ. ಒಳಗೆ ಬಂದ ಶ್ರುತಿ ತಕ್ಕಡಿಯನ್ನು ಇಂಕಿನ ಮೂಲೆಯ ಕಟ್ಟೆಯ ಮೇಲೆ ಇಟ್ಟು ಹೋದಳು. ಅದೇ ಉತ್ತರ. ಅವನು ತೂಗಿದ, ಬಕೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಕಲಸಿದ ಹೊತ್ತು ಬರೆದ. ಆಮೇಲೆ ಏನೋ ಕುತೂಹಲ ಕೆರಳಿ, ಕಣ್ಣು ಮುಚ್ಚಿ, ಹಳೆಯ ರೂಢಿಯಂತೆ ಅಷ್ಟೇ ಪೇಸ್ಟಿಗೆ ಎಷ್ಟು ಸೌಟು ಸುರಿಯುತ್ತಿದ್ದನೋ ಅಷ್ಟನ್ನು ಖಾಲಿ ಡಬ್ಬಕ್ಕೆ ಸುರಿದು ತಕ್ಕಡಿಗೆ ಇಟ್ಟ. ಲೆಕ್ಕ ಹಾಕಿದ. ನೂರಕ್ಕೆ ಹದಿಮೂರು. ಇನ್ನೊಮ್ಮೆ ಹಾಕಿದ. ಹದಿಮೂರೇ.

ಮದುವೆ ಊಟದ ಕಥೆ ಹೇಳುತ್ತ ಗಫಾರ್ ಬಂದ. ನಿನ್ನೆಯ ಸುದ್ದಿ ಅವನಿಗೆ ಬಾಗಿಲಲ್ಲೇ ಮುಟ್ಟಿತ್ತು. “ಅಬ್ಬಾ ಕಳ್ಳ! ನನ್ ಮೂಗ್ನ ಎರಡು ತಿಂಗ್ಳು ಬಾಡಿಗೆ ಇಲ್ದೆ ಓಡ್ಸಿದ್ಯಲ್ಲೋ! ಕಷಾಯ ಕುಡ್ಸಿದ್ದು ಇದಕ್ಕಾ?”

ಬಾಲರಾಜು ನಗಲಿಲ್ಲ. ಗಫಾರ್ ಒಲೆ ಹಚ್ಚಿದ. ರಸೂಲ್ ಕಳಿಸಿದ ಶರ್ಟುಗಳು ಒಂದೊಂದೇ ದಾಟಿದವು. ಕೈಗಳು ಬೆಳ್ಳಗೆ ಬಂದವು, ಹಗ್ಗ ಹಳದಿಗೆ ಬಂತು. ಎರಡನೆಯ ಸುತ್ತಿಗೆ ಬೆವರ ಹನಿಗಳು ಉಬ್ಬಿ ಹೊಳೆದವು. ಐವತ್ತು ಶರ್ಟಾಗುವ ಹೊತ್ತಿಗೆ ಗಫಾರ್ ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ತಂದು, ಅಲ್ಲೇ ಕೈ ನಿಲ್ಲಿಸಿದ.

“ಏನ್ಲಾ ಇವತ್ತು, ಕಣ್ಣು ಉರೀತಿಲ್ಲ?”

“ದಿನಾ ಉರೀತಿತ್ತಾ?”

“ಹೊತ್ತು ಮೇಲೆ ಬತ್ತಿದ್ದಂಗೆ ಧಾರೆ ಸುರೀತಿತ್ತು. ಈ ಇಂಕು ಬಂದಾಗ್ಲಿಂದ. ಒಲೆ ಮುಂದೆ ನಿಲ್ಲೋರ ಹಣೆಬರಾನೇ ಇಷ್ಟು ಅನ್ಕಂಡಿದ್ದೆ. ಡಾಕ್ಟ್ರು ಹತ್ರಾನೂ ಹೋಗಿದ್ದೆ, ಡ್ರಾಪ್ಸ್ ಕೊಟ್ರು.”

“ಒಂದಿನಾನಾದ್ರೂ ನಂಗೆ ಹೇಳ್ಬಾರ್ದಿತ್ತೇನ್ಲಾ?”

“ನಿಂಗಾ?” ಗಫಾರ್ ನಕ್ಕ. “ನಿನ್ ಮೂಗಿನ್ ಮುಂದೆ ನನ್ ಕಣ್ಣಿನ್ ಮಾತು ಯಾವನ್ ಕೇಳ್ತಿದ್ದ?”

ಬಾಲರಾಜು ಅಚ್ಚು ಎಳೆಯುವ ಮೇಜಿಗೆ ಹಿಂತಿರುಗಿದ. ಮೂಗು ಹೋಯಿತೆಂದು ಎರಡು ತಿಂಗಳು ಒದ್ದಾಡಿದವನಿಗೆ ಈಗ ಬೇರೊಂದು ಒದ್ದಾಟ ಅಂಟಿಕೊಂಡಿತು. ಇಷ್ಟು ವರ್ಷ ಆ ಮೂಗು ಇದ್ದಾಗ ಏನು ಮಾಡುತ್ತಿತ್ತು? ಹದಿಮೂರರ ನಾತವನ್ನೇ ಹದವೆಂದು ನಂಬಿದ್ದ. ಆ ಹಟಕ್ಕೆ ಗಫಾರ್ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡ, ಯಾರು ಯಾರೋ ಆ ಶರ್ಟು ತೊಟ್ಟು ಮೈ ಕೆರೆದುಕೊಂಡರೋ ಏನೋ. ಹಲಗೆ ಎಳೆಯುತ್ತ ಎಳೆಯುತ್ತ ಕೈ ತಪ್ಪಿತು. ಪಕ್ಕದವನಿಗೆ ಹಲಗೆ ಕೊಟ್ಟು ಒಲೆಯ ಕಡೆ ನಡೆದ.

“ಹೆಂಗೈತ್ಲಾ ಈಗ?”

“ಚೆನ್ನಾಗೈತೆ.”

ಹೋದ. ಬಕೆಟ್ಟಿನ ಮೇಲಿನ ಹೊತ್ತು ನೋಡಿದ, ಗೋಡೆಯ ಗಡಿಯಾರ ನೋಡಿದ. ಹತ್ತು ಶರ್ಟು ಎಳೆದು ಮತ್ತೆ ಬಂದ.

“ಕಣ್ಣು?”

“ಲೇ, ಬಸುರೀನ ಗಳಿಗೆಗೊಂದ್ಸಲ ಕೇಳ್ದಂಗೆ ಕೇಳ್ಬೇಡ ಕಣ್ಲಾ. ಉರಿದ್ರೆ ನಾನೇ ಕೂಗ್ತೀನಿ, ಹೋಗು.”

“ಕೂಗು ಮತ್ತೆ. ಸುಮ್ಕಿರ್ಬೇಡ” ಅಂದ ಬಾಲರಾಜು. ಮೇಜಿನ ತನಕ ಹೋದ. ಹಲಗೆ ಮುಟ್ಟಿದ. ಅಲ್ಲಿಂದಲೇ ಕತ್ತು ತಿರುಗಿಸಿ ಗಫಾರನ ಕಣ್ಣುಗಳನ್ನು ನೋಡುತ್ತ ನಿಂತ.